ಎರಡರಿಂದ ಐದು: ಮನೆಯಲ್ಲೇ ಉಳಿದ ಕಂಡಕ್ಟರ್, ಮನೆ ಬಿಡಲಾಗದ ಅವರ ಹೆಂಡತಿ

ಈ ಪ್ರಕರಣ ಬರೆಯಲು ಆ ಮನೆಯವರ ಒಪ್ಪಿಗೆ ಇದೆ. ಗುರುತು ಸಿಗದ ಹಾಗೆ ಊರು, ವಯಸ್ಸು, ಮಕ್ಕಳ ವಿವರಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ. ಹೆಸರು ಹಾಕಿಲ್ಲ. ಹಿರಿಯರನ್ನು ಯಜಮಾನರು ಅಂತಲೂ ಅವರ ಹೆಂಡತಿಯನ್ನು ಅಮ್ಮ ಅಂತಲೂ ಕರೆದಿದ್ದೇನೆ. ಆ ಮನೆಯಲ್ಲಿ ನಾನು ಕರೆಯುತ್ತಿದ್ದದ್ದೂ ಹಾಗೇ.

ನಾನು ಆಪ್ತ ಸಮಾಲೋಚಕಿ. ಆಸ್ಪತ್ರೆಯಿಂದ ಮನೆಗೆ ಹೋದ ಹಿರಿಯರನ್ನು ಮನೆಗೇ ಹೋಗಿ ನೋಡುವ ಒಂದು ಸಣ್ಣ ತಂಡದಲ್ಲಿ ಕೆಲಸ ಮಾಡುತ್ತೇನೆ. ಫಿಸಿಯೋಥೆರಪಿಸ್ಟ್ ಒಬ್ಬರು, ನರ್ಸ್ ಒಬ್ಬರು, ನಾನು. ತಿಂಗಳುಗಟ್ಟಲೆ ಮನೆಯಲ್ಲೇ ಇರಬೇಕಾದವರ ವಿಷಯ ಬಂದಾಗ ಎಲ್ಲರೂ ಮೊದಲು ಕೇಳೋದು ಒಂದೇ ಪ್ರಶ್ನೆ: 'ಇವರಿಗೆ ಟೈಂ ಪಾಸ್ ಹೇಗೆ?' ಈ ಮನೆಯಲ್ಲಿ ಆ ಪ್ರಶ್ನೆ ಹಿಡಿದುಕೊಂಡೇ ಮೂರು ತಿಂಗಳು ಕಳೆದುಹೋಯಿತು. ಕೇಳಬೇಕಾಗಿದ್ದದ್ದು ಬೇರೆ ಪ್ರಶ್ನೆ.

ಹಿನ್ನೆಲೆ

ಯಜಮಾನರಿಗೆ ಆಗ 68 ವರ್ಷ. ಸರ್ಕಾರಿ ಬಸ್ಸಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕಂಡಕ್ಟರ್ ಆಗಿದ್ದವರು. ಮಧ್ಯ ಕರ್ನಾಟಕದ ಒಂದು ಪಟ್ಟಣದಲ್ಲಿ ಸ್ವಂತ ಮನೆ. ಕೆಲಸದಲ್ಲಿದ್ದಾಗ ವಾರದಲ್ಲಿ ಎರಡು ಮೂರು ರಾತ್ರಿ ಯಾವುದಾದರೂ ಹಳ್ಳಿಯಲ್ಲಿ ನೈಟ್ ಹಾಲ್ಟ್. ಬಸ್ಸಿನಲ್ಲೇ ಮಲಗಿ ಎದ್ದು, ಬೆಳಕು ಹರಿಯುವ ಮೊದಲೇ ಮೊದಲ ಟ್ರಿಪ್. ಹಬ್ಬ ಬಂದರೆ ಡ್ಯೂಟಿ ಜಾಸ್ತಿ, ಜಾತ್ರೆ ಬಂದರೆ ಇನ್ನೂ ಜಾಸ್ತಿ. ಮಕ್ಕಳ ಶಾಲೆ, ಅತ್ತೆಯ ಕಾಯಿಲೆ, ಮನೆ ಕಟ್ಟಿಸುವಾಗ ಮೇಸ್ತ್ರಿಯ ಜೊತೆ ಜಗಳ, ಎಲ್ಲವನ್ನೂ ಅಮ್ಮನೇ ನೋಡಿಕೊಂಡರು. ಅಂದರೆ ಆ ಮನೆಯ ದಿನಚರಿ ಯಜಮಾನರು ಇಲ್ಲದೆಯೇ ರೂಢಿಯಾದದ್ದು.

ನಿವೃತ್ತಿಯಾದ ಮೇಲೆ ಬದಲಾಗಬೇಕಿತ್ತು, ಆಗಲಿಲ್ಲ. ಬೆಳಿಗ್ಗೆ ಆರೂವರೆಗೆಲ್ಲ ಅವರು ಬಸ್‌ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ಇರುತ್ತಿದ್ದರು. ಅಲ್ಲಿ ಟೀ, ಪೇಪರ್, ಹಳೇ ಡ್ರೈವರ್‌ಗಳು, ಡಿಪೋದ ಸುದ್ದಿ. ಹನ್ನೊಂದಕ್ಕೆ ಮನೆ. ಊಟ, ನಿದ್ದೆ. ನಾಲ್ಕಕ್ಕೆ ಎದ್ದು ಮತ್ತೆ ಹೊರಗೆ, ಗುಡಿಯ ಕಟ್ಟೆ. ರಾತ್ರಿ ಎಂಟಕ್ಕೆ ವಾಪಸ್. ಎಂಟು ವರ್ಷ ಹೀಗೇ ನಡೆಯಿತು. ನಿವೃತ್ತಿ ಅವರನ್ನು ಮನೆಗೆ ತರಲಿಲ್ಲ. ತಂದದ್ದು ಬಚ್ಚಲುಮನೆ.

2023ರ ಆಗಸ್ಟ್. ಬಚ್ಚಲಿನಲ್ಲಿ ಕಾಲು ಜಾರಿ ಬಿದ್ದು ಸೊಂಟದ ಕೀಲಿನ ಹತ್ತಿರ ತೊಡೆಮೂಳೆ ಮುರಿಯಿತು. ಆಪರೇಷನ್ ಮಾಡಿ ಅರ್ಧ ಕೀಲು ಬದಲಿಸಿದರು. ಎರಡನೇ ದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು, ಈಗ ಎಲ್ಲ ಕಡೆ ಹಾಗೇ ಮಾಡುತ್ತಾರೆ, ಮಲಗಿಸಿದಷ್ಟೂ ಮಾಂಸಖಂಡ ಸೊರಗುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇರುತ್ತದೆ. ಆಪರೇಷನ್ ಚೆನ್ನಾಗಿಯೇ ಆಗಿತ್ತು. ತೊಂದರೆ ಇದ್ದದ್ದು ಮನೆಯಲ್ಲಿ. ಕೆಳಗಿನ ಮನೆ ಬಾಡಿಗೆಗೆ ಕೊಟ್ಟು ಇವರು ಮೇಲಿನ ಮನೆಯಲ್ಲಿದ್ದರು. ನಮ್ಮ ಊರುಗಳಲ್ಲಿ ಅರ್ಧಕ್ಕರ್ಧ ಮನೆಗಳ ಕಥೆ ಇದೇ ಅಲ್ವಾ? ಕೆಳಗಿನ ಮನೆಗೆ ಬಾಡಿಗೆ ಒಂದಿಷ್ಟು ಜಾಸ್ತಿ ಬರುತ್ತೆ ಅಂತ ವಯಸ್ಸಾದವರೇ ಮೇಲೆ ಹತ್ತಿ ಕೂರುತ್ತಾರೆ. ಹದಿನೇಳು ಮೆಟ್ಟಿಲು, ಮಧ್ಯದಲ್ಲಿ ಒಂದು ಕಿರಿದಾದ ತಿರುವು, ಕೈಹಿಡಿ ಒಂದೇ ಪಕ್ಕಕ್ಕೆ.

ಏನು ತೊಂದರೆ ಅಂತ ಯಾರಿಗೂ ಗೊತ್ತಾಗಲಿಲ್ಲ

ಮೊದಲ ತಿಂಗಳು ಚೆನ್ನಾಗಿಯೇ ಹೋಯಿತು ಅಂತ ಮನೆಯವರೆಲ್ಲ ಹೇಳಿದರು. ದಿನಕ್ಕೆ ಐದಾರು ಜನ ನೋಡಲು ಬರುತ್ತಿದ್ದರು. ಬ್ರೆಡ್ಡು, ಮೂಸಂಬಿ, ಮಂಡಕ್ಕಿ ಪೊಟ್ಟಣ. ಬಂದವರಿಗೆಲ್ಲ ಅಮ್ಮ ಕಾಫಿ ಮಾಡಿ ಕೊಡುತ್ತಿದ್ದರು. ಬಂದವರು ಅದದೇ ಎರಡು ಮಾತು ಆಡಿ ಹೋಗುತ್ತಿದ್ದರು: ಒಂದು, 'ಹೇಗೆ ಬಿದ್ರಿ?' ಇನ್ನೊಂದು, 'ಹೇಗಿದ್ದ ಮನುಷ್ಯ ಹೇಗಾದ್ರಿ'. ಎರಡನೇ ತಿಂಗಳಲ್ಲಿ ಜನ ಕಡಿಮೆಯಾದರು. ಬಂದವರ ದನಿ ಮೆಟ್ಟಿಲಲ್ಲಿ ಕೇಳಿದರೆ ಯಜಮಾನರು ಕಣ್ಣು ಮುಚ್ಚಿ ನಿದ್ದೆ ಬಂದವರ ಹಾಗೆ ಮಲಗಲು ಶುರು ಮಾಡಿದರು.

ಆರನೇ ವಾರಕ್ಕೆ ಮೆಟ್ಟಿಲು ಇಳಿಸುವ ಪ್ರಯತ್ನ ಆಯಿತು. ಬೆಂಗಳೂರಿನಿಂದ ಮಗ ಬಂದಿದ್ದ, ಒಂದು ಕಡೆ ಅವನು, ಇನ್ನೊಂದು ಕಡೆ ಕೆಳಗಿನ ಮನೆಯ ಹುಡುಗ. ತಿರುವಿನ ತನಕ ಇಳಿದರು. ಅಲ್ಲಿ ಕೈಹಿಡಿ ಮುಗಿದು ಇನ್ನೊಂದು ಗೋಡೆಗೆ ಕೈ ಚಾಚಬೇಕು. ಆ ಒಂದು ಗಳಿಗೆ ಅವರಿಗೆ ಹಿಡಿಯಲು ಏನೂ ಸಿಗಲಿಲ್ಲ. ಕಾಲು ನಡುಗಿತು. ಬೀಳಲಿಲ್ಲ, ಆದರೆ ಅಲ್ಲೇ ಕೂತುಬಿಟ್ಟರು, ಕೂತಲ್ಲೇ ಬೆವರಿದರು, ಅವರನ್ನು ಎತ್ತಿಕೊಂಡು ಮೇಲೆ ತರಬೇಕಾಯಿತು. ಬೀದಿಯವರು ನಿಂತು ನೋಡುತ್ತಿದ್ದರು. ಆಮೇಲೆ 'ಮೆಟ್ಟಿಲು' ಅಂದರೆ ಸಾಕು, ಗೋಡೆ ಕಡೆ ತಿರುಗುತ್ತಿದ್ದರು.

ಮಗ ದೊಡ್ಡ ಟಿವಿ ತಂದು ಹಾಸಿಗೆಯ ಎದುರಿಗೆ ಹಾಕಿಸಿದ. ಹೊಸ ಫೋನು ಕೊಡಿಸಿದ. ಒಳ್ಳೇ ಮನಸ್ಸಿನಿಂದಲೇ ಮಾಡಿದ. ಆದದ್ದು ಏನು? ಬೆಳಿಗ್ಗೆಯಿಂದ ಟಿವಿ ಓಡುತ್ತಲೇ ಇರುತ್ತಿತ್ತು, ಅದರ ಮುಂದೆ ಅವರು ತೂಕಡಿಸುತ್ತಿದ್ದರು, ಹಗಲೆಲ್ಲ ಅರೆನಿದ್ದೆ, ರಾತ್ರಿ ಎರಡು ಗಂಟೆಗೆ ಕಣ್ಣು ಬಿಟ್ಟು 'ಏ ಇವಳೇ, ಎದ್ದಿದೀಯಾ?' ಅಂತ ಅಮ್ಮನನ್ನು ಕರೆಯುತ್ತಿದ್ದರು. ನೀರು ಬೇಕು, ಹೊದಿಕೆ ಸರಿ ಮಾಡು, ಗಂಟೆ ಎಷ್ಟು. ಫೋನಿನಲ್ಲಿ ಹಳೇ ಡಿಪೋ ಗೆಳೆಯರ ವಾಟ್ಸಾಪ್ ಗುಂಪಿತ್ತು. ಅದರಲ್ಲಿ ಬೆಳಿಗ್ಗೆ ಹೊತ್ತು ಹೋಟೆಲಿನ ಟೀ ಲೋಟದ ಫೋಟೋ ಬರುತ್ತಿತ್ತು. ಒಂದು ದಿನ ಫೋನನ್ನು ದಿಂಬಿನ ಕೆಳಗೆ ಹಾಕಿದವರು ಮತ್ತೆ ತೆಗೆಯಲಿಲ್ಲ.

ಇನ್ನೊಂದು ವಿಷಯ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಹೊಸ ಕೀಲು ಹಾಕಿದ ಮೇಲೆ ನೆಲದ ಮೇಲೆ ಕೂರಬಾರದು, ಚಕ್ಕಳಮಕ್ಕಳ ಹಾಕಬಾರದು. ಆ ಮನೆಯಲ್ಲಿ ಎಲ್ಲರೂ ಕೆಳಗೆ ಕೂತು ಉಣ್ಣುವವರು. ಇವರೊಬ್ಬರಿಗೆ ಮಂಚಕ್ಕೇ ತಟ್ಟೆ ಹೋಗುತ್ತಿತ್ತು. ಹಬ್ಬದ ದಿನ ಮಗ, ಸೊಸೆ, ಮೊಮ್ಮಗು ಬಂದು ಒಳಗೆ ಸಾಲಾಗಿ ಊಟಕ್ಕೆ ಕೂತಾಗ, ಇವರ ತಟ್ಟೆ ಮೊದಲೇ ಬಂದು ಮೊದಲೇ ವಾಪಸ್ ಹೋಗಿತ್ತು. ಒಂದು ಕುರ್ಚಿ, ಒಂದು ಸಣ್ಣ ಟೇಬಲ್ ಊಟದ ಜಾಗಕ್ಕೆ ಸರಿಸಿದ್ದರೆ ಸಾಕಿತ್ತು. ಯಾರಿಗೂ ಹೊಳೆಯಲಿಲ್ಲ.

ಮೂರನೇ ತಿಂಗಳಲ್ಲಿ ಮೂಳೆ ಡಾಕ್ಟರ್ ಎಕ್ಸ್‌ರೇ ನೋಡಿ 'ಎಲ್ಲಾ ಸರಿ ಇದೆ, ನಡೀಬೋದು' ಅಂದರು. ಸ್ಥಿತಿ ಕೆಟ್ಟದ್ದು ಆಮೇಲೆ. ಇದು ಮನೆಯವರಿಗೆ ವಿಚಿತ್ರ ಅನ್ನಿಸಿತು. ವಿಚಿತ್ರವೇನಲ್ಲ. ತಿಂಗಳುಗಟ್ಟಲೆ ಮುಚ್ಚಿದ ಜಾಗದಲ್ಲಿ ಇರುವವರ ಬಗ್ಗೆ, ಅಂಟಾರ್ಕ್ಟಿಕಾದಂಥ ಕಡೆ ಚಳಿಗಾಲ ಕಳೆಯುವವರ ಬಗ್ಗೆ, ಬೆಕ್ಟೆಲ್ ಮತ್ತು ಬರ್ನಿಂಗ್ ಎಂಬ ಸಂಶೋಧಕರು 1991ರಲ್ಲಿ ಬರೆದಿದ್ದರು: ಅರ್ಧ ದಾರಿ ಕಳೆದ ಮೇಲೆ ಮನಸ್ಸು ಹೆಚ್ಚು ಕುಸಿಯುತ್ತದೆ ಅಂತ. ಆಮೇಲಿನ ಅಧ್ಯಯನಗಳಲ್ಲಿ ಎಲ್ಲ ಕಡೆ ಇದು ಕಂಡಿಲ್ಲ, ಹಾಗಾಗಿ ನಿಯಮ ಅನ್ನಲಾಗದು. ಆದರೆ ನಮ್ಮ ಕೆಲಸದಲ್ಲಿ ಇದನ್ನು ಕಾಣುತ್ತಲೇ ಇರುತ್ತೇವೆ. ಮೊದಲ ವಾರಗಳಲ್ಲಿ ನೋವು ಇರುತ್ತೆ, ಜನ ಇರುತ್ತಾರೆ, ಏನೋ ಒಂದು ನಡೆಯುತ್ತಾ ಇರುತ್ತೆ. ನೋವು ಹೋಯಿತು, ಜನ ಹೋದರು, ಆಮೇಲೆ? ನೋಡಲು ಹೋಗುವವರು ಮೂರನೇ ತಿಂಗಳಲ್ಲಿ ಹೋಗಿ ಅಂತ ನಾನು ಎಲ್ಲರಿಗೂ ಹೇಳೋದು ಅದಕ್ಕೇ.

ಮಗ ನಮ್ಮ ತಂಡಕ್ಕೆ ಫೋನ್ ಮಾಡಿದ್ದು ನವೆಂಬರ್‌ನಲ್ಲಿ, ಯಜಮಾನರು ಮೂರು ದಿನ ಸರಿಯಾಗಿ ಊಟ ಮಾಡದೆ, 'ಇದ್ದೇನು ಪ್ರಯೋಜನ' ಅಂದ ಮೇಲೆ.

'ಲಾಕ್‌ಡೌನ್‌ನಲ್ಲಿ ಆರಾಮಾಗಿದ್ರು'

ಮಗನ ಮೊದಲ ಮಾತು ಇದು: 'ಮೇಡಂ, ಲಾಕ್‌ಡೌನ್‌ನಲ್ಲಿ ಎರಡು ತಿಂಗಳು ಮನೆಯಲ್ಲೇ ಇದ್ರು, ಏನೂ ಆಗಿರಲಿಲ್ಲ. ಈಗ ಯಾಕೆ ಹೀಗೆ?'

ಒಳ್ಳೇ ಪ್ರಶ್ನೆ. ಇದೇ ಪ್ರಶ್ನೆಯನ್ನು ನಾನು ಯಜಮಾನರಿಗೆ ಕೇಳಿದೆ. ಅವರು ಅಲ್ಲಿಯವರೆಗೆ ಹೂಂ, ಊಹೂಂ ಬಿಟ್ಟು ಮಾತಾಡಿರಲಿಲ್ಲ. ಇದಕ್ಕೆ ಮಾತ್ರ ತಕ್ಷಣ ಉತ್ತರ ಬಂತು: 'ಆಗ ಬಸ್ಸೇ ನಿಂತಿತ್ತಲ್ಲಮ್ಮ.'

2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿತ್ತು. ಬಸ್ ಸ್ಟ್ಯಾಂಡಿನ ಹೋಟೆಲ್ ಮುಚ್ಚಿತ್ತು, ಗೆಳೆಯರೂ ಅವರವರ ಮನೆಯಲ್ಲೇ. ಮಾರ್ಚ್ 28ರಿಂದ ದೂರದರ್ಶನದಲ್ಲಿ ಹಳೇ ರಾಮಾಯಣ ಮತ್ತೆ ಬರತೊಡಗಿದಾಗ ಇಡೀ ಬೀದಿ ಒಂದೇ ಹೊತ್ತಿಗೆ ಅದನ್ನೇ ನೋಡುತ್ತಿತ್ತು. ಮಗ, ಸೊಸೆ, ಮೊಮ್ಮಗು ಬೆಂಗಳೂರಿನಿಂದ ಬಂದು ಇಲ್ಲೇ ಉಳಿದಿದ್ದರು. ಮೇ 19ರಂದು ರಾಜ್ಯದಲ್ಲಿ ಬಸ್ ಮತ್ತೆ ಶುರುವಾದಾಗ ಯಜಮಾನರು ಮಾಸ್ಕ್ ಹಾಕಿಕೊಂಡು ಹೋಗಿ ಸ್ಟ್ಯಾಂಡಿನ ಹೊರಗೆ ನಿಂತು ನೋಡಿ ಬಂದಿದ್ದರಂತೆ. ಆಗ ಅವರು ಯಾವುದನ್ನೂ ಕಳೆದುಕೊಂಡಿರಲಿಲ್ಲ, ಯಾಕೆಂದರೆ ಕಳೆದುಕೊಳ್ಳುವಂಥದ್ದು ಹೊರಗೆ ಏನೂ ನಡೆಯುತ್ತಿರಲಿಲ್ಲ. ಈಗ ಹಾಗಲ್ಲ. ಅವರ ಕಿಟಕಿಗೆ ಮುಖ್ಯರಸ್ತೆಯ ಹಾರ್ನ್ ಕೇಳುತ್ತೆ. ಐದೂಮುಕ್ಕಾಲಿನ ಮೊದಲ ಬಸ್ ಹೋಗಿದ್ದು ಹಾಸಿಗೆಯಲ್ಲೇ ಗೊತ್ತಾಗುತ್ತೆ. ಊರೆಲ್ಲ ಓಡಾಡುತ್ತಿದೆ, ಇವರೊಬ್ಬರು ಮಂಚದ ಮೇಲೆ. ಎಲ್ಲರೂ ಮನೆಯಲ್ಲಿ ಇರೋದಕ್ಕೂ ತಾನೊಬ್ಬನೇ ಮನೆಯಲ್ಲಿ ಇರೋದಕ್ಕೂ ಹೋಲಿಕೆಯೇ ಇಲ್ಲ. ಲಾಕ್‌ಡೌನ್ ದಾಟಿದವರು ಎಂಥದ್ದನ್ನೂ ದಾಟುತ್ತಾರೆ ಅಂತ ಅಂದುಕೊಳ್ಳೋದು ದೊಡ್ಡ ತಪ್ಪು ಲೆಕ್ಕ.

'ಇದ್ದೇನು ಪ್ರಯೋಜನ' ಅನ್ನೋ ಮಾತನ್ನು ನಾವು ಹಾಗೇ ಬಿಡಲಿಲ್ಲ. ಸಾಯಬೇಕು ಅನ್ನಿಸುತ್ತಾ, ಹಾಗೆ ಮಾಡಿಕೊಳ್ಳುವ ಯೋಚನೆ ಬಂದಿದೆಯಾ ಅಂತ ನೇರವಾಗಿಯೇ ಕೇಳಿದೆ. ಕೇಳಿದರೆ ಆ ಯೋಚನೆ ತಲೆಗೆ ತುಂಬಿದ ಹಾಗೆ ಆಗುತ್ತೆ ಅಂತ ಮನೆಯವರು ಹೆದರುತ್ತಾರೆ. ಹಾಗಾಗಲ್ಲ, ಕೇಳಿದವರ ಹತ್ತಿರ ಮನಸ್ಸು ಹಗುರ ಆಗೋದೇ ಜಾಸ್ತಿ. ಯೋಜನೆ ಏನೂ ಇರಲಿಲ್ಲ, ಬೇಸರ ಇತ್ತು. ಹಿರಿಯರಿಗೆ ಅಂತಲೇ ಇರುವ, ಹೌದು ಇಲ್ಲ ಅಂತ ಉತ್ತರಿಸುವ 15 ಪ್ರಶ್ನೆಗಳ ಖಿನ್ನತೆಯ ಪಟ್ಟಿ ಇದೆ. ಅದನ್ನು ಕೇಳಿದೆವು. ಖಿನ್ನತೆ ಇತ್ತು. ಮನೋವೈದ್ಯರು ನೋಡಿದರು. ರಕ್ತ, ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸಿದರು, ಕಡಿಮೆ ಪ್ರಮಾಣದ ಮಾತ್ರೆ ಶುರುವಾಯಿತು. ಬರಿಯ ಮಾತಿನಿಂದಲೇ ಎಲ್ಲ ಸರಿಹೋಯಿತು ಅಂತ ಈ ಬರಹ ಓದಿ ಯಾರೂ ತಿಳಿಯಬಾರದು.

ಗೋಡೆಗೆ ಅಂಟಿಸಿದ ಟೈಂಟೇಬಲ್

ಮಾತ್ರೆಯ ಜೊತೆಗೆ ದಿನಕ್ಕೊಂದು ಚೌಕಟ್ಟು ಬೇಕು ಅನ್ನೋದು ಎಲ್ಲರಿಗೂ ಗೊತ್ತಿರುವ ವಿಷಯ. ಮನಸ್ಸು ಸರಿಹೋದ ಮೇಲೆ ಕೆಲಸ ಮಾಡೋಣ ಅಂತ ಕಾಯಬಾರದು, ಕೆಲಸ ಮಾಡುತ್ತಾ ಹೋದರೆ ಮನಸ್ಸು ಹಿಂದೆ ಬರುತ್ತೆ. ಖಿನ್ನತೆಯ ಚಿಕಿತ್ಸೆಯಲ್ಲಿ ಪೀಟರ್ ಲೆವಿನ್ಸನ್ ಎಂಬ ಮನೋವಿಜ್ಞಾನಿ 1970ರ ದಶಕದಿಂದ ಬೆಳೆಸಿದ ದಾರಿ ಇದು, ಇವತ್ತಿಗೂ ಬಳಕೆಯಲ್ಲಿದೆ. ಹಾಗಾಗಿ ಒಂದು ಹಾಳೆಯಲ್ಲಿ ದಿನಚರಿ ಬರೆದು ಗೋಡೆಗೆ ಅಂಟಿಸಿದ್ದಾಯಿತು. 7ಕ್ಕೆ ಬಿಸಿಲಿಗೆ ಕುರ್ಚಿ. 8ಕ್ಕೆ ವ್ಯಾಯಾಮ. 10ಕ್ಕೆ ವಾಕರ್ ಹಿಡಿದು ಹಾಲ್‌ನಲ್ಲಿ ನಡಿಗೆ. 11ಕ್ಕೆ ಪೇಪರ್. ಹೀಗೆ ರಾತ್ರಿಯವರೆಗೆ.

ಒಂದು ವಾರವೂ ನಡೆಯಲಿಲ್ಲ. ಯಜಮಾನರು ಸೋಮಾರಿ, ಹಟಮಾರಿ ಅಂತ ಮಗ ಅಂದ. ಆದರೆ ಆ ಹಾಳೆಯನ್ನು ಇನ್ನೊಂದು ಸಲ ಓದಿ. 7ಕ್ಕೆ ಬಿಸಿಲಿಗೆ ಕುರ್ಚಿ ಹಾಕೋದು ಯಾರು? 8ಕ್ಕೆ ಕಾಲು ಹಿಡಿದುಕೊಳ್ಳೋದು ಯಾರು? 10ಕ್ಕೆ ಪಕ್ಕದಲ್ಲಿ ನಡೆಯೋದು ಯಾರು? ಪೇಪರ್, ಕನ್ನಡಕ ತಂದುಕೊಡೋದು ಯಾರು? ಆ ಹಾಳೆಯಲ್ಲಿ ಇದ್ದದ್ದು ಅಮ್ಮನ ಡ್ಯೂಟಿ ಚಾರ್ಟ್. ಯಜಮಾನರು ಅದರಲ್ಲಿ ಬರೀ ಪ್ರಯಾಣಿಕ.

ಮೂರನೇ ಭೇಟಿಯಲ್ಲಿ ನಾನು ಮಂಚದ ಹತ್ತಿರ ಹೋಗುವ ಬದಲು ಅಡುಗೆಮನೆಗೆ ಹೋದೆ. ಅಮ್ಮ ಹುಣಸೆಹಣ್ಣು ಹಿಚುಕುತ್ತಾ ಇದ್ದರು. ನಿಮ್ಮ ದಿನ ಹೇಗೆ ಹೋಗುತ್ತೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದರು. ಆಮೇಲೆ ಕಪಾಟಿನ ಮೇಲಿಂದ ಒಂದು ಬಿಸ್ಕತ್ತಿನ ಡಬ್ಬ ಇಳಿಸಿ ತೋರಿಸಿದರು. ಒಳಗೆ ರೇಷ್ಮೆ ದಾರದ ಉಂಡೆಗಳು, ಮಣಿ, ಸೂಜಿ. ಸೀರೆಗೆ ಕುಚ್ಚು ಕಟ್ಟುತ್ತಿದ್ದರು. ಮಧ್ಯಾಹ್ನ ಎರಡರಿಂದ ಐದು, ಊಟದ ಪಾತ್ರೆ ತೊಳೆದಾದ ಮೇಲೆ, ಎದುರುಮನೆಯ ಜಗಲಿಯಲ್ಲಿ ನಾಲ್ಕೈದು ಹೆಂಗಸರು ಕೂಡಿ ಕೂತು ಕುಚ್ಚು, ಫಾಲ್ಸ್, ಮಾತು. ಒಂದಿಷ್ಟು ಕಾಸೂ ಬರುತ್ತಿತ್ತು. ಯಜಮಾನರು ಬಿದ್ದ ದಿನದಿಂದ ಆ ಡಬ್ಬ ಕೆಳಗೆ ಇಳಿದಿರಲಿಲ್ಲ. ಅರ್ಧ ಕುಚ್ಚು ಕಟ್ಟಿದ ಹಸಿರು ಸೀರೆಯೊಂದನ್ನು ವಾರಸುದಾರರು ಬಂದು ಹಾಗೇ ವಾಪಸ್ ಒಯ್ದಿದ್ದರು.

'ಮೂವತ್ತು ವರ್ಷ ಇವರು ಮನೆಯಲ್ಲಿ ಇರಲ್ಲ ಅಂತ ಅತ್ತೆ ಮೇಡಂ. ಈಗ ಇದಾರೆ ಅಂತ ಅಳ್ತಾ ಇದೀನಿ. ಯಾರಿಗಾದ್ರೂ ಹೇಳೋ ಮಾತಾ ಇದು?' ಅಂದರು.

ನರ್ಸ್ ಅಮ್ಮನ ಬಿಪಿ ನೋಡಿದರು. 170ಕ್ಕೆ 100. ಮಾತ್ರೆ ಇತ್ತು, ತಗೊಳ್ಳೋದು ಮರೆತು ಎಷ್ಟೋ ವಾರ ಆಗಿತ್ತು. ಜಪಾನಿನಲ್ಲಿ ನೊಬುವೊ ಕುರೊಕಾವಾ ಎಂಬ ವೈದ್ಯರು, ಅದೂ 1991ರಲ್ಲೇ, ನಿವೃತ್ತರಾಗಿ ಮನೆ ಸೇರಿದ ಗಂಡಸರ ಹೆಂಡತಿಯರಿಗೆ ಬರುವ ಕಾಯಿಲೆಗಳ ಬಗ್ಗೆ ಹೇಳಿದ್ದರು. ನಮ್ಮಲ್ಲಿ ಅದಕ್ಕೆ ಹೆಸರು ಇಟ್ಟವರಿಲ್ಲ, ಅಷ್ಟೇ.

ತೀರ್ಮಾನ: ಮೊದಲು ಅಮ್ಮನ ಹೊತ್ತು ವಾಪಸ್

ತಂಡದಲ್ಲಿ ಈ ಬಗ್ಗೆ ಜಗಳವೇ ಆಯಿತು ಅನ್ನಬಹುದು. ಫಿಸಿಯೋ ಹೇಳಿದ್ದು, ಮೊದಲು ಯಜಮಾನರು ನಡೆಯಲಿ, ಆಮೇಲೆ ಅಮ್ಮ ಹೊರಗೆ ಹೋಗಲಿ. ನಾನು ಹೇಳಿದ್ದು ಉಲ್ಟಾ: ಅಮ್ಮ ಪಕ್ಕದಲ್ಲಿ ಇರುವ ತನಕ ಯಜಮಾನರು ನೀರಿನ ಲೋಟಕ್ಕೂ ಕೈ ಚಾಚಲ್ಲ. ಮಗನಂತೂ ಕೆಂಡವಾದ. 'ಅಪ್ಪನ್ನ ಒಬ್ರನ್ನೇ ಬಿಟ್ಟು ಅಮ್ಮ ಎದುರುಮನೆಗೆ ಹೋಗೋದಾ? ಇದಕ್ಕೆ ನಿಮ್ಮನ್ನ ಕರೆಸಿದ್ದಾ?' ಅಂದ. ಒಬ್ಬ ಕೇರ್‌ಟೇಕರ್ ಇಡೋಣ ಅಂದ. ಇಡಬಹುದಿತ್ತು, ದುಡ್ಡೂ ಇತ್ತು. ಆದರೆ ಅವರೂ ನೀರಿನ ಲೋಟ ಕೈಗೇ ಕೊಡುತ್ತಿದ್ದರು.

ಒಬ್ಬರನ್ನೇ ಬಿಡೋದು ಅಂದರೆ ಸುಮ್ನೆ ಬಾಗಿಲು ಹಾಕಿಕೊಂಡು ಹೋಗೋದಲ್ಲ. ಅದಕ್ಕೆ ಒಂದು ವಾರ ತಯಾರಿ ನಡೆಯಿತು. ಬಚ್ಚಲಿನಲ್ಲಿ ಎರಡು ಕಡೆ ಕಬ್ಬಿಣದ ಹಿಡಿ ಹಾಕಿಸಿದರು. ಜಾರುವ ಮ್ಯಾಟ್ ತೆಗೆಸಿದರು. ಮಂಚದಿಂದ ಕಕ್ಕಸಿನ ತನಕ ದಾರಿಯಲ್ಲಿ ಇದ್ದ ಸ್ಟೂಲು, ವೈರು ಎಲ್ಲ ಸರಿಸಿದರು. ಕುರ್ಚಿ ಎತ್ತರದ್ದು, ಕೈ ಇರುವಂಥದ್ದು. ಫ್ಲಾಸ್ಕಿನಲ್ಲಿ ಟೀ. ಬಾಗಿಲಿನ ಇನ್ನೊಂದು ಬೀಗದ ಕೈ ಕೆಳಗಿನ ಮನೆಯವರ ಹತ್ತಿರ. ತುರ್ತಿಗೆ ಏನು ಅಂತ ಯೋಚಿಸುವಾಗ ಬೆಲ್, ಫೋನ್ ಅಂತೆಲ್ಲ ನಾವು ಮಾತಾಡುತ್ತಿದ್ದೆವು. ಯಜಮಾನರು ಅಲ್ಲಿಯವರೆಗೆ ಗೋಡೆ ನೋಡುತ್ತಿದ್ದವರು ತಿರುಗಿ, 'ನನ್ನ ಸೀಟಿ ಎಲ್ಲಿ?' ಅಂದರು. ಡ್ಯೂಟಿಯ ಸೀಟಿ ಬೀರುವಿನಲ್ಲಿತ್ತು. ಒಂದು ಊದಿದರೆ ನಿಲ್ಲಿಸಿ, ಅಂದರೆ ಮೇಲೆ ಬನ್ನಿ. ಎರಡು ಊದಿದರೆ ರೈಟ್, ಏನೂ ತೊಂದರೆ ಇಲ್ಲ. ಮೂರೂವರೆಗೆ ಒಂದು ಸಲ ಎರಡು ಊದಬೇಕು ಅಂತ ಅವರೇ ನಿಯಮ ಮಾಡಿದರು. ಕೆಳಗಿನ ಮನೆಯ ಹೆಂಗಸು ನಗುತ್ತಲೇ ಒಪ್ಪಿದರು.

ಮೊದಲ ಮಧ್ಯಾಹ್ನ ಅಮ್ಮನಿಗೆ ಏಳು ಸಲ ಫೋನ್ ಹೋಯಿತು. ದಿಂಬಿನ ಕೆಳಗಿನ ಫೋನ್ ಹೊರಗೆ ಬಂತಲ್ಲ ಅಂತ ನಾನು ಖುಷಿಪಟ್ಟೆ, ಅಮ್ಮ ಪಡಲಿಲ್ಲ. ಎರಡನೇ ದಿನ ಸ್ವಲ್ಪ ಕಡಿಮೆ. ನಾಲ್ಕನೇ ದಿನ ಟೀ ಲೋಟ ಕಕ್ಕಸಿನ ಹತ್ತಿರದ ಸಿಂಕಿನಲ್ಲಿ ತೊಳೆದು ಬೋರಲು ಹಾಕಿತ್ತು. ಯಾರು ಇಟ್ಟದ್ದು ಅಂತ ಕೇಳಿದರೆ ಉತ್ತರ ಇಲ್ಲ. ಹಗಲು ಎಚ್ಚರ ಇರಬೇಕಾದ್ದರಿಂದ ರಾತ್ರಿ ನಿದ್ದೆ ಒಂದಿಷ್ಟು ಗಟ್ಟಿಯಾಯಿತು. ಇಷ್ಟೇ ಆಗಿದ್ದರೂ ನಾವು ಪರವಾಗಿಲ್ಲ ಅನ್ನುತ್ತಿದ್ದೆವು.

ಯಾರೂ ಯೋಜಿಸದೆ ಆದದ್ದು

ಡಿಸೆಂಬರ್‌ನಲ್ಲಿ ಒಂದು ದಿನ ಅಮ್ಮ ಎದುರುಮನೆಗೆ ಹೋಗುವ ಬದಲು ತಂಗಿಯ ಊರಿಗೆ ಹೋದರು. ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ರಾಜ್ಯದ ಹೆಂಗಸರಿಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಟಿಕೆಟ್ ದುಡ್ಡು ಇರಲಿಲ್ಲ. ಬೀದಿಯ ಹೆಂಗಸರೆಲ್ಲ ಓಡಾಡುತ್ತಿದ್ದರು, ಧರ್ಮಸ್ಥಳಕ್ಕೆ ಗುಂಪು ಗುಂಪಾಗಿ ಹೋಗಿ ಬರುತ್ತಿದ್ದರು. ಕಂಡಕ್ಟರ್ ಹೆಂಡತಿ ಮಾತ್ರ ಶಕ್ತಿ ಟಿಕೆಟ್ ಒಂದು ಸಲವೂ ಹರಿಸಿರಲಿಲ್ಲ. ಹೋಗುವಾಗ ಸರಿಯಾಗಿ ಹೋದರು. ಬರುವಾಗ ಯಾರೋ ನಾಲ್ಕಕ್ಕೆ ಬಸ್ಸಿದೆ ಅಂದರಂತೆ. ಇರಲಿಲ್ಲ. ಐದೂವರೆ ತನಕ ಕೂತು, ಮನೆಗೆ ಬಂದಾಗ ಕತ್ತಲಾಗಿತ್ತು.

ಯಜಮಾನರು ಕೂಗಾಡಿದರು. ಆ ಕೂಗಾಟ ಕೆಳಗಿನ ಮನೆಗೂ ಕೇಳಿತಂತೆ. ಆದರೆ ಅಮ್ಮ ಆಮೇಲೆ ನನಗೆ ಹೇಳಿದ್ದು ಬೇರೆ. ಕೂಗಾಡಿ ಮುಗಿದ ಮೇಲೆ ಟಿಕೆಟ್ ಕೊಡು ಅಂದರಂತೆ. ಶೂನ್ಯ ದರದ ಟಿಕೆಟ್ಟನ್ನು ಕನ್ನಡಕ ಹಾಕಿಕೊಂಡು ನೋಡಿದರಂತೆ. ಹತ್ತಿದ ಜಾಗ, ಇಳಿಯುವ ಜಾಗ, ಹೊತ್ತು, ಎಲ್ಲ ಅದರಲ್ಲಿ ಇರುತ್ತೆ. 'ಇದು ಐದು ಹತ್ತರ ಗಾಡಿ. ಇಪ್ಪತ್ತು ನಿಮಿಷ ಲೇಟ್ ಬಂದಿದೆ. ನಾಲ್ಕಕ್ಕೆ ಆ ರೂಟಲ್ಲಿ ಗಾಡಿ ಯಾವತ್ತೂ ಇರಲಿಲ್ಲ. ಮೂರೂಕಾಲಿಗೆ ಒಂದಿದೆ, ಅದು ಊರೊಳಗೆ ಬರಲ್ಲ, ಕ್ರಾಸಿಗೆ ನಡೀಬೇಕು. ನನ್ನ ಕೇಳಿದ್ರೆ ಹೇಳ್ತಿದ್ದೆ' ಅಂದರಂತೆ.

ಮಾರನೇ ದಿನ ಯಜಮಾನರು ಮೊಮ್ಮಗುವಿನ ಹಳೇ ನೋಟ್‌ಬುಕ್ ಕೇಳಿ ಪಡೆದರು. ಅದರಲ್ಲಿ ವೇ ಬಿಲ್ಲಿನ, ಅಂದರೆ ಕಂಡಕ್ಟರ್ ಟ್ರಿಪ್ಪಿನ ಲೆಕ್ಕ ಬರೆಯುವ ಹಾಳೆಯ, ಹಾಗೆ ಗೆರೆ ಎಳೆದು ತಂಗಿಯ ಊರಿನ ಬಸ್ ಸಮಯ ಬರೆದರು. ತಮಗೆ ಗೊತ್ತಿದ್ದದ್ದು ಎಂಟು ವರ್ಷದ ಹಿಂದಿನದು ಅಂತ ಅನುಮಾನ ಬಂದು ಸ್ಟ್ಯಾಂಡಿನಲ್ಲಿದ್ದ ಗೆಳೆಯರಿಗೆ ಫೋನ್ ಮಾಡಿದರು. ಇದು ನನ್ನ ಪ್ರಕಾರ ಇಡೀ ಪ್ರಕರಣದ ತಿರುವು. ಮೂರು ತಿಂಗಳಿಂದ ಆ ಗೆಳೆಯರ ಜೊತೆ ಅವರು ಮಾತಾಡದೇ ಇದ್ದದ್ದು ಮಾತಾಡಲು ಏನೂ ಇಲ್ಲದ್ದಕ್ಕೆ. ಕಾಲು ಹೇಗಿದೆ ಅಂತ ಅವರು ಕೇಳಬೇಕು, ಹಾಗೇ ಇದೆ ಅಂತ ಇವರು ಹೇಳಬೇಕು. ಈಗ ಕೇಳಲು ಕೆಲಸದ ಮಾತಿತ್ತು. ಏಳೂ ಹತ್ತರ ಗಾಡಿ ಈಗಲೂ ಇದೆಯಾ? ಆ ರೂಟಿಗೆ ಎಕ್ಸ್‌ಪ್ರೆಸ್ ಹಾಕಿದ್ದಾರಾ?

ಆಮೇಲೆ ನೋಟ್‌ಬುಕ್ ಬೆಳೆಯಿತು. ಕುಚ್ಚು ಕಟ್ಟುವ ಜಗಲಿಯಲ್ಲಿ ಅಮ್ಮ ಈ ಸುದ್ದಿ ಹೇಳಿದ್ದೇ ತಡ, ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಬಂದರು. 'ಕಂಡಕ್ಟ್ರಣ್ಣ, ಹೊರನಾಡಿಗೆ ಒಂದೇ ದಿನಕ್ಕೆ ಹೋಗಿ ಬರೋಕಾಗುತ್ತಾ?' 'ಅಣ್ಣ, ರಾಜಹಂಸದಲ್ಲಿ ಫ್ರೀ ಇದೆಯಾ?' ಇಲ್ಲ ತಾಯಿ, ರಾಜಹಂಸ, ಐರಾವತಕ್ಕೆಲ್ಲ ದುಡ್ಡು ಕೊಡಬೇಕು, ಕೆಂಪು ಬಸ್ ನೋಡಿ ಹತ್ತಿ. ಬಂದವರು ಯಾರೂ ಹೇಗೆ ಬಿದ್ರಿ ಅಂತ ಕೇಳುತ್ತಿರಲಿಲ್ಲ. ಕೇಳಲು ಅವರಿಗೆ ಪುರುಸೊತ್ತೂ ಇರಲಿಲ್ಲ.

ಇಂಥದ್ದೊಂದು ಕೆಲಸವನ್ನು ನಾವು ಕೂತು ಯೋಚಿಸಿ ಕೊಟ್ಟಿದ್ದರೆ ಅವರು ಮುಟ್ಟುತ್ತಿರಲಿಲ್ಲ ಅನ್ನೋದು ನನ್ನ ನಂಬಿಕೆ. ಹಿರಿಯರನ್ನು ಸುಮ್ನೆ ತೊಡಗಿಸಲು ಅಂತ ಕೊಡುವ ಕೆಲಸದ ವಾಸನೆ ಅವರಿಗೆ ದೂರದಿಂದಲೇ ಬರುತ್ತೆ. ಅವರಿಗೆ ಬಣ್ಣ ತುಂಬುವ ಪುಸ್ತಕ ತಂದುಕೊಟ್ಟವರನ್ನು ನಾನು ನೋಡಿದ್ದೇನೆ. ಇಲ್ಲಿ ನಿಜವಾಗಿಯೂ ಒಬ್ಬರು ಕತ್ತಲಲ್ಲಿ ಬಸ್ಸಿಗೆ ಕಾದಿದ್ದರು. ಆ ತೊಂದರೆ ಆಗಬೇಕಾದರೆ ಅಮ್ಮ ಮೊದಲು ಮನೆಯಿಂದ ಹೊರಗೆ ಹೋಗಬೇಕಿತ್ತು.

ಮೆಟ್ಟಿಲು

ಜನವರಿಯಲ್ಲಿ ಮೆಟ್ಟಿಲಿನ ಮಾತನ್ನು ಯಜಮಾನರೇ ತೆಗೆದರು. ಕಾರಣ ಸಣ್ಣದು: ಒಂದು ರೂಟಿನ ವಿಷಯದಲ್ಲಿ ಗೆಳೆಯನ ಮಾತಿಗೂ ಕೆಳಗಿನ ಮನೆಯ ಹುಡುಗನ ಮಾತಿಗೂ ತಾಳೆಯಾಗಲಿಲ್ಲ, ಬೋರ್ಡ್ ನೋಡಿ ಬರಬೇಕಿತ್ತು.

ಈ ಸಲ ಇಬ್ಬರು ಹಿಡಿದುಕೊಂಡು ಇಳಿಸಲಿಲ್ಲ. ತಿರುವಿನ ಗೋಡೆಗೆ ಇನ್ನೊಂದು ಕೈಹಿಡಿ ಹಾಕಿಸಿದೆವು, ಒಂದು ಬೆಸುಗೆ ಅಂಗಡಿಯವನು ಅರ್ಧ ದಿನದಲ್ಲಿ ಹಾಕಿಕೊಟ್ಟ ಕೆಲಸ ಅದು, ಸೆಪ್ಟೆಂಬರ್‌ನಲ್ಲೇ ಆಗಬೇಕಿತ್ತು. ತಿರುವಿನಲ್ಲಿ ಒಂದು ಕುರ್ಚಿ. ಫಿಸಿಯೋ ಹೇಳಿಕೊಟ್ಟ ನಿಯಮ ಎಲ್ಲರೂ ನೆನಪಿಡುವಂಥದ್ದು: ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಮೊದಲ ದಿನ ಮೂರು ಮೆಟ್ಟಿಲು ಇಳಿದು ಮೂರು ಹತ್ತಿದರು. ಅಷ್ಟೇ ಸಾಕು ಅಂತ ಫಿಸಿಯೋ ಮುಂಚೆಯೇ ಹೇಳಿದ್ದರು, ಇನ್ನೂ ಆಗುತ್ತೆ ಅಂದರೂ ಬಿಡಲಿಲ್ಲ. ಹೆದರಿಕೆ ಇರುವವರನ್ನು ಇನ್ನೂ ಬೇಕು ಅನ್ನಿಸುವಾಗಲೇ ನಿಲ್ಲಿಸಬೇಕು. ಮೂರು ವಾರ ಹಿಡಿಯಿತು. ಬೀದಿ ಖಾಲಿ ಇರುವ ಹೊತ್ತು, ಅಂದರೆ ಮಧ್ಯಾಹ್ನ ಎರಡೂವರೆಗೆ, ಅಭ್ಯಾಸ. ನೋಡುವ ಜನ ಇರಬಾರದು ಅನ್ನೋದು ಅವರ ಒಂದೇ ಷರತ್ತು.

ಆಟೋದಲ್ಲಿ ಹೋಗಿ ಬೋರ್ಡ್ ನೋಡಿ ಬಂದರು. ಗೆಳೆಯ ಹೇಳಿದ್ದು ತಪ್ಪಾಗಿತ್ತು.

ಈಗ ಹೇಗಿದೆ

ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತೆ. ರಾತ್ರಿ ನಿದ್ದೆ ಇನ್ನೂ ಮೂರೂವರೆಗೆ ಮುರಿಯುತ್ತೆ. ಬಸ್ ಸ್ಟ್ಯಾಂಡಿನ ಬೆಳಗಿನ ಟೀ ಮತ್ತೆ ಶುರುವಾಗಲಿಲ್ಲ. ಜನ ತಳ್ಳಾಡುವ ಜಾಗ ಅಂದರೆ ಅವರಿಗೆ ಈಗಲೂ ಭಯ, ಕೋಲು ಹಿಡಿದು ಗುಡಿಯ ಕಟ್ಟೆಯ ತನಕ ಮಾತ್ರ ಹೋಗುತ್ತಾರೆ. ಖಿನ್ನತೆಯ ಮಾತ್ರೆಯನ್ನು ಡಾಕ್ಟರ್ ಹಲವು ತಿಂಗಳ ಮೇಲೆ ಹಂತ ಹಂತವಾಗಿ ಇಳಿಸಿ ನಿಲ್ಲಿಸಿದರು. ಊಟದ ಜಾಗಕ್ಕೆ ಟೇಬಲ್ ಬಂದಿದೆ, ಅಮ್ಮನೂ ಮೇಲೇ ಕೂತು ಉಣ್ಣುತ್ತಾರೆ. ಅವರಿಗೂ ಮಂಡಿ ನೋವಂತೆ, ಯಾರೂ ಕೇಳಿರಲಿಲ್ಲ.

ಗಂಡ ಹೆಂಡತಿ ಜಗಳ ಕಡಿಮೆಯಾಗಿಲ್ಲ. ಯಜಮಾನರು ಈಗ ಓಡಾಡುತ್ತಾರಲ್ಲ, ಎರಡರಿಂದ ಐದು ಮನೆಯಲ್ಲೇ ಇರು ಅಂತ ಅವರ ವಾದ. ನೀವು ಓಡಾಡದೇ ಇದ್ದಾಗಲೇ ಹೋಗ್ತಿದ್ದೆ, ಈಗ ಇರ್ತೀನಾ ಅಂತ ಅಮ್ಮನ ವಾದ. ಮಗನಿಗೆ ನಮ್ಮ ಮೇಲೆ ಇನ್ನೂ ಪೂರ್ತಿ ಸಮಾಧಾನ ಇಲ್ಲ. ಕೆಳಗಿನ ಮನೆ ಖಾಲಿ ಮಾಡಿಸಿ ಅಪ್ಪ ಅಮ್ಮನನ್ನು ಅಲ್ಲಿಗೆ ತರುವ ಮಾತು ನಡೆಯುತ್ತಿದೆ. ಅದು ಬಿದ್ದ ತಿಂಗಳಲ್ಲೇ ನಡೆಯಬೇಕಾಗಿದ್ದ ಮಾತು, ಆದರೆ ಅಡ್ವಾನ್ಸ್ ದುಡ್ಡು ವಾಪಸ್ ಕೊಡೋದು ಯಾರು ಅಂತ ಆಗ ತೀರ್ಮಾನ ಆಗಿರಲಿಲ್ಲ, ಈಗಲೂ ಆಗಿಲ್ಲ.

ಇಂಥ ಮನೆಗೆ ಹೋಗುವ ನನ್ನಂಥವರಿಗೆ ಒಂದು ಮಾತು. ಮನೆಯಲ್ಲಿ ಉಳಿದವರ ದಿನಚರಿ ಬರೆಯುವ ಮೊದಲು ಆ ಮನೆಯಲ್ಲಿ ಮುಂಚೆಯಿಂದ ಇದ್ದವರ ದಿನಚರಿ ಕೇಳಿ, ಸಾಧ್ಯವಾದರೆ ಬೇರೆ ಕೋಣೆಯಲ್ಲಿ ಕೇಳಿ. ನೀವು ಬರೆದ ಪ್ರತಿ ಸಾಲಿನಲ್ಲಿ ಕೆಲಸ ಯಾರಿಗೆ ಬೀಳುತ್ತೆ ಅಂತ ಪಕ್ಕದಲ್ಲಿ ಗುರುತು ಹಾಕಿ. ನಾವು ಈಗ ಹಾಗೇ ಮಾಡುತ್ತೇವೆ. ಎಷ್ಟೋ ಸಾಲು ಅಲ್ಲೇ ಉದುರಿಹೋಗುತ್ತವೆ.

ಆದರೆ ಈ ಪ್ರಕರಣವನ್ನು ಎಲ್ಲ ಕಡೆ ಹಾಗ್ಹಾಗೇ ಇಳಿಸಬೇಡಿ. ಯಜಮಾನರ ನೆನಪು ಗಟ್ಟಿಯಿತ್ತು, ಕೈ ಚುರುಕಿತ್ತು, ಕೆಳಗಿನ ಮನೆಯಲ್ಲಿ ಜನ ಇದ್ದರು. ಮರೆವಿನ ಕಾಯಿಲೆ ಇರುವವರನ್ನು, ಪದೇ ಪದೇ ಬೀಳುವವರನ್ನು, ಸಾಯುವ ಯೋಚನೆಯಲ್ಲಿರುವವರನ್ನು ಹೀಗೆ ಒಬ್ಬರನ್ನೇ ಬಿಡಬಾರದು. ಅಂಥ ಕಡೆ ಮನೆಯವರ ಹೊತ್ತು ಉಳಿಸಲು ಇನ್ನೊಬ್ಬ ಮನುಷ್ಯರೇ ಬೇಕು. ಮನಸ್ಸಿನ ತೊಂದರೆಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ದಿನವಿಡೀ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಹಿರಿಯರಿಗೆ ಅಂತಲೇ ಇರುವ ಸಹಾಯವಾಣಿ 14567. ಎರಡಕ್ಕೂ ನೋಡಿಕೊಳ್ಳುವವರೂ ಫೋನ್ ಮಾಡಬಹುದು.